ಆಕಳು ಮೆಲುಕು ಹಾಕುವ ತನಕ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೊಲ, ತೋಟ ಇರುವವರು ಅಂತ ಕೇಳಿದೆ. ಹಾಗಾದರೆ ಎಚ್‌ಪಿ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಬೋರ್‌ವೆಲ್‌ಗೆ 5 ಎಚ್‌ಪಿ ಸಾಕಾ, ಏಳೂವರೆ ಬೇಕಾ ಅಂತ ಪಂಪ್‌ಸೆಟ್ ಅಂಗಡಿಯಲ್ಲಿ ನಿಂತು ತಲೆ ಕೆಡಿಸಿಕೊಂಡವರೇ ಎಲ್ಲ. ಆ ಎಚ್‌ಪಿ ಮೂಲದಲ್ಲಿ ಕುದುರೆಯ ಲೆಕ್ಕ. ಜೇಮ್ಸ್ ವಾಟ್‌ಗೆ ತನ್ನ ಉಗಿಯಂತ್ರ ಮಾರಬೇಕಿತ್ತು. ಗಿರಾಕಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇದನ್ನು ತಗೊಂಡರೆ ನನ್ನ ಎಷ್ಟು ಕುದುರೆ ಉಳಿಯುತ್ತವೆ? 33,000 ಪೌಂಡ್ ಭಾರವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತಿದರೆ ಅದು ಒಂದು ಕುದುರೆ ಅಂತ ವಾಟ್ ಗೊತ್ತು ಮಾಡಿದ. ಈಗಿನ ಲೆಕ್ಕದಲ್ಲಿ 746 ವ್ಯಾಟ್. ಬೆಳಗಿನಿಂದ ಸಂಜೆ ತನಕ ದುಡಿಯುವ ಸಾಧಾರಣ ಕುದುರೆಗೆ ಇದು ಸ್ವಲ್ಪ ಜಾಸ್ತಿಯೇ ಆಯಿತು. ನಮ್ಮ ಕಡೆ ಒಂದು ಜೋಡಿ ಎತ್ತು ಸೇರಿ ಎಳೆದರೆ ಹೆಚ್ಚುಕಡಿಮೆ ಒಂದು ಎಚ್‌ಪಿ.

ಆದರೆ ಇದು ಹೊರಗೆ ಕಾಣುವ ಕೆಲಸ. ನೊಗಕ್ಕೂ ನೇಗಿಲಿಗೂ ನಡುವೆ ಒಂದು ಸ್ಪ್ರಿಂಗ್ ತಕ್ಕಡಿ ಕಟ್ಟಿದರೆ ಎಳೆತ ಎಷ್ಟು ಅಂತ ಗೊತ್ತಾಗುತ್ತದೆ. ನಾನು ಇವತ್ತು ಮಾತಾಡಲು ಬಂದಿರುವುದು ಒಳಗಿನ ಲೆಕ್ಕದ ಬಗ್ಗೆ. ಆ ಕೆಲಸ ಮಾಡಲು ಎತ್ತು ತನ್ನ ಹೊಟ್ಟೆಯಲ್ಲಿ ಎಷ್ಟು ಉರಿಸಿತು? ಕೆಲಸವನ್ನೇ ಮಾಡದೆ ಕೊಟ್ಟಿಗೆಯಲ್ಲಿ ಸುಮ್ನೆ ಮಲಗಿದ್ದರೆ ಎಷ್ಟು ಉರಿಸುತ್ತದೆ? ಪಂಪ್‌ಸೆಟ್‌ಗಾದರೆ ಮೀಟರ್ ಇದೆ. ಎತ್ತಿನ ಮೈಮೇಲೆ ಮೀಟರ್ ಎಲ್ಲಿ ಹುಡುಕುವುದು?

ಮೊದಲು ಹೊಳೆಯುವ ಉಪಾಯ, ತಿಂದದ್ದನ್ನು ತೂಕ ಮಾಡುವುದು. ಇಟಲಿಯ ಪಡುವಾದಲ್ಲಿ ಸಾಂಟೋರಿಯೋ ಅನ್ನುವ ವೈದ್ಯ ಇದನ್ನು ತನ್ನ ಮೇಲೆಯೇ ಮಾಡಿಕೊಂಡ. ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲೇ ಕೂತು ಊಟ ಮಾಡಿ, ತಿಂದದ್ದು, ಕುಡಿದದ್ದು, ಹೊರಗೆ ಹೋದದ್ದು ಎಲ್ಲವನ್ನೂ ವರ್ಷಗಟ್ಟಲೆ ತೂಗಿದ. 1614ರಲ್ಲಿ ಪುಸ್ತಕ ತಂದ. ದಿನಕ್ಕೆ 8 ಪೌಂಡ್ ಒಳಗೆ ಹೋದರೆ ಅದರಲ್ಲಿ 5 ಪೌಂಡ್ ಕಣ್ಣಿಗೆ ಕಾಣದ ಹಾಗೆ ಮೈಯಿಂದ ಆರಿಹೋಗುತ್ತದೆ ಅಂದ. ಉಸಿರು, ಬೆವರು ಎಲ್ಲ ಸೇರಿ ಆ 5 ಪೌಂಡ್. ಆರಿಹೋದದ್ದು ಏನು ಅಂತ ಅವನಿಗೆ ಗೊತ್ತಿರಲಿಲ್ಲ, ಆದರೆ ಲೆಕ್ಕ ಎಲ್ಲಿ ತಪ್ಪುತ್ತದೆ ಅಂತ ಸರಿಯಾಗಿ ತೋರಿಸಿದ.

ದನದ ವಿಷಯದಲ್ಲಂತೂ ತಿಂದದ್ದರ ಲೆಕ್ಕ ಇನ್ನೂ ಕಷ್ಟ. ಸೆಗಣಿಯಲ್ಲಿ ಒಂದಿಷ್ಟು ಶಕ್ತಿ ಹೋಗುತ್ತದೆ. ಬೆರಣಿ ಉರಿಯುವುದು ಅದಕ್ಕೇ ಅಲ್ವಾ? ಗಂಜಲದಲ್ಲಿ ಸ್ವಲ್ಪ ಹೋಗುತ್ತದೆ. ಹಾಲಿಗೆ ಹೋಗುತ್ತದೆ, ಮೈಗೆ ಹತ್ತುತ್ತದೆ. ಇವೆಲ್ಲ ಸಾಲದು ಅಂತ ತೇಗಿನಲ್ಲಿ ಮೀಥೇನ್ ಅನಿಲವಾಗಿಯೂ ಹೋಗುತ್ತದೆ. ಮೇವಿನಲ್ಲಿ 100 ಪಾಲು ಶಕ್ತಿ ಇದ್ದರೆ ಸುಮಾರು 6 ಪಾಲು ಈ ತೇಗಿಗೇ ಖರ್ಚು. ಬೆಂಗಳೂರಿನ ಆಡುಗೋಡಿಯಲ್ಲಿ ಪ್ರಾಣಿ ಪೋಷಣೆಯ ರಾಷ್ಟ್ರೀಯ ಸಂಸ್ಥೆ ಇದೆ. ಅಲ್ಲಿಯವರು ಈ ಮೀಥೇನ್ ಅಳೆಯುವ, ಕಡಿಮೆ ಮಾಡುವ ಕೆಲಸ ಮಾಡುತ್ತಾ ಬಂದಿದ್ದಾರೆ. ಹರಿತ್ ಧಾರಾ ಅನ್ನುವ ಮೇವಿನ ಮಿಶ್ರಣ ಅಲ್ಲಿಂದಲೇ ಬಂದದ್ದು. ಬಿಸಿಯಾಗುತ್ತಿರುವ ಭೂಮಿಯ ಮಾತು ಹಾಗಿರಲಿ, ರೈತನ ಕಡೆಯಿಂದ ನೋಡಿದರೂ ಅದು ದುಡ್ಡು ಕೊಟ್ಟು ತಂದ ಹಿಂಡಿ ಗಾಳಿಗೆ ಹೋದ ಹಾಗೆ.

ಹಾಗಾಗಿ ಆದಾಯದ ಕಡೆಯಿಂದ ಲೆಕ್ಕ ಹಿಡಿಯುವುದನ್ನು ಬಿಟ್ಟು ಖರ್ಚಿನ ಕಡೆಯಿಂದ ಹಿಡಿದರು. ಪ್ರಾಣಿ ಉರಿಸಿದ್ದೆಲ್ಲ ಕೊನೆಗೆ ಏನಾಗುತ್ತದೆ? ಬಿಸಿಯಾಗುತ್ತದೆ. ಆ ಬಿಸಿಯನ್ನು ಹಿಡಿದರೆ?

1782–83ರ ಚಳಿಗಾಲ, ಪ್ಯಾರಿಸ್. ಲವಾಜಿಯೇ ಮತ್ತು ಲಾಪ್ಲಾಸ್ ಅನ್ನುವ ಇಬ್ಬರು ವಿಜ್ಞಾನಿಗಳು ಒಂದು ವಿಚಿತ್ರ ಪಾತ್ರೆ ಮಾಡಿಸಿದರು. ಒಂದರೊಳಗೆ ಒಂದು, ಮೂರು ಪದರ. ನಡುವೆ ಒಂದು ಬುಟ್ಟಿ, ಅದರಲ್ಲಿ ಒಂದು ಗಿನಿ ಪಿಗ್, ಇಲಿ ಜಾತಿಯ ಪುಟ್ಟ ಪ್ರಾಣಿ. ಅದರ ಸುತ್ತ ಮಂಜುಗಡ್ಡೆ. ಅದರ ಸುತ್ತ ಮತ್ತೆ ಮಂಜುಗಡ್ಡೆ. ಹೊರಗಿನ ಪದರ ಕೋಣೆಯ ಬಿಸಿಯನ್ನು ತಡೆಯುತ್ತದೆ. ಒಳಗಿನ ಪದರ ಪ್ರಾಣಿಯ ಬಿಸಿಗೆ ಮಾತ್ರ ಕರಗುತ್ತದೆ. ಕರಗಿದ ನೀರು ಕೆಳಗಿನ ನಲ್ಲಿಯಿಂದ ತೊಟ್ಟಿಕ್ಕುತ್ತದೆ, ಅದನ್ನು ತೂಗುತ್ತಾರೆ. 10 ಗಂಟೆಯಲ್ಲಿ ಸುಮಾರು 13 ಔನ್ಸ್ ಮಂಜು ಕರಗಿತು. ನಮ್ಮ ತೂಕದಲ್ಲಿ 400 ಗ್ರಾಂ ಹತ್ತಿರ. ಅಷ್ಟು ಮಂಜು ಕರಗಿಸಲು 32 ಕಿಲೋಕ್ಯಾಲರಿ ಬೇಕು. ಬಿಸ್ಕತ್ತಿನ ಪೊಟ್ಟಣದ ಮೇಲೆ ಕ್ಯಾಲರಿ ಅಂತ ಬರೆದಿರುತ್ತಾರಲ್ಲ, ಅದು ನಿಜವಾಗಿ ಕಿಲೋಕ್ಯಾಲರಿ. ಗಿನಿ ಪಿಗ್ ಹತ್ತು ಗಂಟೆಯಲ್ಲಿ ಒಂದೂವರೆ ಬಿಸ್ಕತ್ತಿನಷ್ಟು ಉರಿಸಿತು ಅಂತ ಇಟ್ಟುಕೊಳ್ಳಿ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಅಂಥದ್ದೇ ಪ್ರಾಣಿ ಅಷ್ಟೇ ಹೊತ್ತಿನಲ್ಲಿ ಉಸಿರಿನಲ್ಲಿ ಬಿಡುವ ಇಂಗಾಲದ ಅನಿಲ ಎಷ್ಟು ಅಂತ ಅಳೆದರು. ಇದ್ದಿಲು ಉರಿಸಿ ಅಷ್ಟೇ ಅನಿಲ ಬಂದಾಗ ಎಷ್ಟು ಮಂಜು ಕರಗುತ್ತದೆ ಅಂತ ನೋಡಿದರು. ಸುಮಾರು 10.5 ಔನ್ಸ್. ಎರಡೂ ಪೂರ್ತಿ ಒಂದೇ ಅಲ್ಲ, ಆದರೆ ಹತ್ತಿರ ಹತ್ತಿರ. ಉಸಿರಾಟ ಅಂದರೆ ಒಂದು ಥರದ ನಿಧಾನದ ಉರಿಯುವಿಕೆ ಅಂತ ಅವರು ತೀರ್ಮಾನಿಸಿದರು. ಒಲೆಯಲ್ಲಿ ಆಗುವುದೇ ಮೈಯಲ್ಲೂ ಆಗುತ್ತದೆ, ಜ್ವಾಲೆ ಇಲ್ಲ ಅಷ್ಟೇ. ಹನ್ನೊಂದು ವರ್ಷದ ಮೇಲೆ, 1794ರಲ್ಲಿ, ಫ್ರಾನ್ಸಿನ ಕ್ರಾಂತಿ ಲವಾಜಿಯೇಯ ತಲೆ ತೆಗೆಯಿತು. ಆ ಕಥೆ ಬೇರೆ.

ನನಗೆ ಆ 13ಕ್ಕೂ 10.5ಕ್ಕೂ ನಡುವಿನ ಅಂತರವೇ ಇಷ್ಟ. ಅದು ಯಾಕೆ ಬಂತು? ಅವರೇ ಒಂದು ಕಾರಣ ಕೊಟ್ಟಿದ್ದಾರೆ. ಮಂಜಿನ ನಡುವೆ ಕೂತ ಪ್ರಾಣಿಯ ಕೈಕಾಲು ತಣ್ಣಗಾಗಿದ್ದವು. ಅದು ಉರಿಸಿದ ಬಿಸಿಯ ಜೊತೆಗೆ ಅದರ ಮೈಯಲ್ಲಿ ಮೊದಲೇ ಇದ್ದ ಬಿಸಿಯೂ ಸೋರಿ ಲೆಕ್ಕಕ್ಕೆ ಸೇರಿಕೊಂಡಿತ್ತು. ಕಾರಣ ಇನ್ನೂ ಇವೆ, ಇರಲಿ. ಅಂದರೆ ಅಳೆಯಲು ಹೋದದ್ದೇ ಪ್ರಾಣಿಯನ್ನು ಬದಲಾಯಿಸಿತ್ತು. ಈ ಶಾಸ್ತ್ರಕ್ಕೆ ಮೊದಲ ದಿನವೇ ಹಿಡಿದ ಪೀಡೆ ಇದು. ಇವತ್ತಿಗೂ ಪೂರ್ತಿ ಬಿಟ್ಟಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಪಶುವೈದ್ಯಕೀಯ ಓದುವಾಗ ನಾವು ನಾಲ್ಕು ಹುಡುಗರಿಗೆ ಒಂದು ಆಕಳ ಉಸಿರು ಅಳೆಯುವ ಕೆಲಸ ಬಂತು. ತತ್ವ ಸುಲಭ. ಪ್ರಾಣಿ ಒಂದು ಲೀಟರ್ ಆಮ್ಲಜನಕ ಬಳಸಿತು ಅಂದರೆ ಸುಮಾರು 5 ಕಿಲೋಕ್ಯಾಲರಿ ಉರಿಸಿತು ಅಂತ ಅರ್ಥ. ಉರಿದದ್ದು ಕೊಬ್ಬಾಗಲಿ, ಹಿಟ್ಟಿನ ಪದಾರ್ಥವಾಗಲಿ, ಈ ಅಂಕಿ ಹೆಚ್ಚು ಆಚೀಚೆ ಆಗುವುದಿಲ್ಲ. ಜರ್ಮನಿಯ ರೂಬ್ನರ್ 1890ರ ದಶಕದಲ್ಲಿ ನಾಯಿಗಳನ್ನು ಬಿಸಿ ಅಳೆಯುವ ಪೆಟ್ಟಿಗೆಯಲ್ಲಿಟ್ಟು ಒಂದು ವಿಷಯ ತೋರಿಸಿದ್ದ: ಮೈಯಿಂದ ಬಂದ ಬಿಸಿಯನ್ನು ನೇರವಾಗಿ ಅಳೆದರೂ, ಉಸಿರು ಮತ್ತು ಮೂತ್ರದಿಂದ ಲೆಕ್ಕ ಹಾಕಿದರೂ ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಬರುವುದಿಲ್ಲ. ಹಾಗಾಗಿ ಮಂಜಿನ ಪಾತ್ರೆ ಬೇಡ, ಉಸಿರು ಹಿಡಿದರೆ ಸಾಕು.

ಉಸಿರು ಹಿಡಿಯುವುದು ಅಂದರೆ ಮೂತಿಗೆ ಮಾಸ್ಕ್ ಕಟ್ಟಿ, ಕೊಳವೆಯ ತುದಿಗೆ ದೊಡ್ಡ ರಬ್ಬರ್ ಚೀಲ ಸಿಕ್ಕಿಸುವುದು. ನಮ್ಮ ಮಾಸ್ಕ್ ಆ ಆಕಳ ಮೂತಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಅಂಚಿನಲ್ಲಿ ಗಾಳಿ ಸೋರುತ್ತಿತ್ತು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದೆವು. ಗೌರಿ ಅಂತ ಅದರ ಹೆಸರು. ಕೊಳವೆ ಕಂಡರೆ ನೆಕ್ಕಲು ಬರುತ್ತಿತ್ತು, ಮಾಸ್ಕ್ ಕಂಡರೆ ಹಿಂದೆ ಸರಿಯುತ್ತಿತ್ತು. ಹೇಗೋ ಕಟ್ಟಿದೆವು. ಚೀಲ ತುಂಬಿತು. ತುಂಬಿದ ವೇಗ ನೋಡಿ ನಮಗೇ ಗಾಬರಿ. ಪುಸ್ತಕದಲ್ಲಿ ಇದ್ದದ್ದಕ್ಕಿಂತ ಎಷ್ಟೋ ಜಾಸ್ತಿ. ಮತ್ತೆ ಮಾಡಿದೆವು, ಮತ್ತೂ ಜಾಸ್ತಿ.

ಕೊಟ್ಟಿಗೆ ನೋಡಿಕೊಳ್ಳುತ್ತಿದ್ದ ಅಜ್ಜ ಒಬ್ಬರು ಬಾಗಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಕೊನೆಗೆ ತಡೆಯಲಾಗದೆ ಅಂದರು: "ತಮ್ಮಾ, ನೀವು ಎಲ್ಲಾರೂ ಹೊರಗ ಹೋಗ್ರಿ. ನೀವು ಇಲ್ಲಿ ನಿಂತ್ರ ಆಕಳು ಮೆಲುಕು ಹಾಕಂಗಿಲ್ಲ." ನಾವು ಹೊರಗೆ ಹೋದೆವು. ಅವರು ಒಳಗೆ ಹೋಗಿ ಅದರ ಗಂಗೆದೊಗಲು ತುರಿಸುತ್ತಾ ಏನೋ ಮಾತಾಡುತ್ತಾ ಕೂತರು. ಒಂದು ವಾರ ದಿನಾ ಹೀಗೇ. ಮಾಸ್ಕ್ ಕಟ್ಟುವುದು, ಬಿಚ್ಚುವುದು, ಅಳೆಯುವುದಿಲ್ಲ. ಎಂಟನೇ ದಿನ ಗೌರಿ ಮಾಸ್ಕ್ ಹಾಕಿಕೊಂಡೇ ಮಲಗಿ ಮೆಲುಕು ಹಾಕಲು ಶುರು ಮಾಡಿತು. ಕೊಳವೆಯಲ್ಲಿ ದವಡೆಯ ಸದ್ದು ಗರಗರ ಅಂತ ಕೇಳುತ್ತಿತ್ತು. ಆವತ್ತಿನ ಅಂಕಿ ಪುಸ್ತಕದ ಅಂಕಿಗೆ ಹತ್ತಿರ ಬಂತು. ಮೊದಲ ದಿನದ ಹಾಳೆಗಳನ್ನು ಹರಿದು ಹಾಕಿದೆವು. ಆವತ್ತು ನಾವು ಅಳೆದದ್ದು ಆಕಳ ಹೆದರಿಕೆಯನ್ನು.

ಹೀಗೆ ಮಲಗಿಸಿ, ಸಮಾಧಾನ ಮಾಡಿ, ಚಳಿ ಸೆಕೆ ಇಲ್ಲದ ಹಾಗೆ ನೋಡಿಕೊಂಡು ಅಳೆದ ಅಂಕಿಗಳನ್ನು ಒಟ್ಟು ಹಾಕಿದವರು ಮ್ಯಾಕ್ಸ್ ಕ್ಲೈಬರ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದ ಡೇವಿಸ್‌ನಲ್ಲಿ ದನಗಳ ಮೇಲೆ ಕೆಲಸ ಮಾಡಿದವರು. 1932ರಲ್ಲಿ ಅವರು ಒಂದು ವಿಚಿತ್ರ ತೋರಿಸಿದರು. ಪ್ರಾಣಿಯ ತೂಕ ಎರಡರಷ್ಟಾದರೆ ಖರ್ಚು ಎರಡರಷ್ಟಾಗುವುದಿಲ್ಲ, ಸುಮಾರು 1.7 ಪಟ್ಟು ಆಗುತ್ತದೆ. ತೂಕ ಹತ್ತು ಪಟ್ಟಾದರೆ ಖರ್ಚು ಐದೂವರೆ ಪಟ್ಟು ಚಿಲ್ಲರೆ. ಅವರ ಸೂತ್ರದಲ್ಲಿ 60 ಕಿಲೋ ತೂಕದ ಮನುಷ್ಯ ಸುಮ್ನೆ ಮಲಗಿದ್ದರೆ ದಿನಕ್ಕೆ 1,500 ಕಿಲೋಕ್ಯಾಲರಿ. ವ್ಯಾಟ್‌ನಲ್ಲಿ ಹೇಳಿದರೆ 73. ಹಳೇ ಕಾಲದ 60ರ ಬಲ್ಬಿಗಿಂತ ಸ್ವಲ್ಪ ಪ್ರಕಾಶ ಜಾಸ್ತಿ, ಅಷ್ಟೇ ನಾವು.

20 ಗ್ರಾಂ ತೂಕದ ಇಲಿಗೆ ಇದೇ ಸೂತ್ರದಲ್ಲಿ ದಿನಕ್ಕೆ 4 ಕಿಲೋಕ್ಯಾಲರಿಗೂ ಕಡಿಮೆ. 4 ಟನ್ ಆನೆಗೆ ಸುಮಾರು 35,000. ಆನೆಯ ತೂಕ ಇಲಿಯ 2 ಲಕ್ಷ ಪಟ್ಟು, ಖರ್ಚು ಮಾತ್ರ 9,500 ಪಟ್ಟು. ಕಿಲೋ ಲೆಕ್ಕದಲ್ಲಿ ನೋಡಿದರೆ ಇಲಿ ಆನೆಗಿಂತ ಇಪ್ಪತ್ತು ಪಟ್ಟು ದುಬಾರಿ ಪ್ರಾಣಿ. ಒಂದು ಆನೆ ಸಾಕುವುದಕ್ಕಿಂತ ಅಷ್ಟೇ ತೂಕದ ಇಲಿ ಸಾಕುವುದು ಕಷ್ಟ. ಯಾಕೆ ಹೀಗೆ ಅನ್ನುವುದಕ್ಕೆ ಮೈಯ ಮೇಲ್ಮೈ ಕಾರಣ ಅಂದವರಿದ್ದಾರೆ, ರಕ್ತನಾಳಗಳ ಕವಲು ಕಾರಣ ಅಂದವರಿದ್ದಾರೆ. ಜಗಳ ಇನ್ನೂ ಮುಗಿದಿಲ್ಲ.

ಈ ಲೆಕ್ಕ ಮರೆತರೆ ಏನಾಗುತ್ತದೆ ಅನ್ನುವುದಕ್ಕೆ 1962ರ ಒಂದು ಕಥೆ ಇದೆ. ಅಮೆರಿಕದ ಒಕ್ಲಹೋಮಾ ನಗರದ ಮೃಗಾಲಯದಲ್ಲಿ ಟಸ್ಕೋ ಅನ್ನುವ ಗಂಡಾನೆಗೆ ಭ್ರಮೆ ಹುಟ್ಟಿಸುವ ಮದ್ದಾದ ಎಲ್‌ಎಸ್‌ಡಿ ಕೊಟ್ಟರು, ಮದ ಬರುತ್ತದಾ ನೋಡೋಣ ಅಂತ. ಎಷ್ಟು ಕೊಡಬೇಕು? ಬೆಕ್ಕು ಕಿಲೋಗೆ ಇಷ್ಟು ತಡೆಯುತ್ತದೆ, ಆನೆಯ ತೂಕ ಇಷ್ಟು, ಗುಣಿಸು. 297 ಮಿಲಿಗ್ರಾಂ. ಆನೆ ಕೆಲವೇ ನಿಮಿಷದಲ್ಲಿ ಕುಸಿದು ಬಿತ್ತು, ಎರಡು ಗಂಟೆಯೊಳಗೆ ಸತ್ತಿತು. ಆಮೇಲೆ ಕೊಟ್ಟ ಬೇರೆ ಔಷಧಿಗಳ ಪಾತ್ರವೂ ಇರಬಹುದು. ಆದರೂ ಕಿಲೋ ಲೆಕ್ಕದಲ್ಲಿ ಆನೆ ಬೆಕ್ಕಿನಷ್ಟು ಬೇಗ ಉರಿಸುವ ಪ್ರಾಣಿ ಅಲ್ಲ ಅನ್ನುವುದು ಆವತ್ತಿಗೆ ಮೂವತ್ತು ವರ್ಷ ಹಳೆಯ ವಿಷಯ.

ಸರಿ, ಮಲಗಿದ ಪ್ರಾಣಿಯ ಲೆಕ್ಕ ಆಯಿತು. ಆದರೆ ಪ್ರಾಣಿಗಳು ಬದುಕುವುದು ಮಲಗಿಕೊಂಡಲ್ಲ. ಅಲ್ಲಿಂದ ಮುಂದಿನದ್ದು ನನ್ನ ಕಣ್ಣಿಗೆ ಹಗ್ಗ ಸಡಿಲ ಬಿಡುತ್ತಾ ಹೋದ ಕಥೆ. ಮಂಜಿನ ಪಾತ್ರೆಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಟ್ರೆಡ್‌ಮಿಲ್‌ಗೆ, ಅಲ್ಲಿಂದ ಬಯಲಿಗೆ.

ಟ್ರೆಡ್‌ಮಿಲ್ ಮೇಲೆ ಏನೇನು ಓಡಿಸಿದರು ಅಂತ ಕೇಳಿದರೆ ನಗು ಬರುತ್ತದೆ. 1973ರಲ್ಲಿ ಕಾಂಗರೂ ಓಡಿಸಿದರು. ನಿಧಾನಕ್ಕೆ ಹೋಗುವಾಗ ಕಾಂಗರೂ ಬಾಲವನ್ನೂ ಊರುಗೋಲಿನ ಹಾಗೆ ಊರಿಕೊಂಡು ಕುಂಟುತ್ತಾ ಹೋಗುತ್ತದೆ. ಆಗ ಖರ್ಚು ಜಾಸ್ತಿ. ಕುಪ್ಪಳಿಸಲು ಶುರು ಮಾಡಿದ ಮೇಲೆ ವೇಗ ಏರಿಸಿದರೂ ಆಮ್ಲಜನಕದ ಖರ್ಚು ಏರಲೇ ಇಲ್ಲ. ಕಾಲಿನ ಸ್ನಾಯುರಜ್ಜು ಸ್ಪ್ರಿಂಗ್ ಆಗಿ ಪ್ರತಿ ನೆಗೆತದ ಶಕ್ತಿಯನ್ನು ಮುಂದಿನ ನೆಗೆತಕ್ಕೆ ಉಳಿಸಿಕೊಡುತ್ತದೆ. ಅದೇ ಗುಂಪಿನವರು 1986ರಲ್ಲಿ ಕೀನ್ಯಾದ ಹೆಂಗಸರಿಗೆ ಮಾಸ್ಕ್ ಕಟ್ಟಿ, ತಲೆಯ ಮೇಲೆ ಹೊರೆ ಹೊರಿಸಿ ನಡೆಸಿದರು. ಮೈತೂಕದ ಐದನೇ ಒಂದು ಪಾಲಿನ ತನಕ ಹೊರೆ ಹೊತ್ತರೂ ಖರ್ಚು ಒಂದಿಷ್ಟೂ ಏರಲಿಲ್ಲ. ಸಿಂಬಿ ಇಟ್ಟುಕೊಂಡು ಹುಲ್ಲಿನ ಹೊರೆ ಹೊತ್ತು ಹರಟೆ ಹೊಡೆಯುತ್ತಾ ಬರುವ ನಮ್ಮೂರ ಹೆಂಗಸರು ನನಗೆ ನೆನಪಾದರು. ನಂತರ ಬೇರೆಯವರು ಬೇರೆ ಕಡೆ ಅಳೆದಾಗ ಈ ಪುಕ್ಕಟೆ ಸವಾರಿ ಎಲ್ಲರಿಗೂ ಸಿಗಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು.

ಪುಟ್ಟ ಗಿಳಿಗೂ ಮಾಸ್ಕ್ ಹಾಕಿದರು. ಪಂಜರದಲ್ಲಿ ಸಾಕುವ ಲವ್‌ಬರ್ಡ್ ಅಂತ ನಾವು ಕರೆಯುತ್ತೇವಲ್ಲ, ನಿಜವಾಗಿ ಅದು ಬಜರಿಗಾರ್, ಆಸ್ಟ್ರೇಲಿಯಾದ ಹಕ್ಕಿ. 1968ರಲ್ಲಿ ಟಕ್ಕರ್ ಅನ್ನುವವರು ಅದನ್ನು ಗಾಳಿ ಸುರಂಗದಲ್ಲಿ ಹಾರಿಸಿದರು. ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಅದಕ್ಕೆ ಖರ್ಚು ಅತಿ ಕಡಿಮೆ. ಅದಕ್ಕಿಂತ ಜೋರಾಗಿ ಹಾರಿದರೂ ಜಾಸ್ತಿ, ನಿಧಾನಕ್ಕೆ ಹಾರಿದರೂ ಜಾಸ್ತಿ. ಬೈಕ್ ಓಡಿಸುವವರಿಗೆ ಇದು ಗೊತ್ತಿರುವ ಸಂಗತಿಯೇ.

ಆದರೆ ಜಾಣತನ ಅಂತ ನಾನು ಕರೆಯುವುದು ಮಾಸ್ಕನ್ನು ಪ್ರಾಣಿಗೆ ಕಟ್ಟದೇ ಇರುವುದಕ್ಕೆ. ಹಮ್ಮಿಂಗ್ ಬರ್ಡ್ ಗೊತ್ತಲ್ಲ, ಗಾಳಿಯಲ್ಲಿ ನಿಂತಲ್ಲೇ ನಿಂತು ಮಕರಂದ ಹೀರುವ ಹಕ್ಕಿ. ನಮ್ಮಲ್ಲಿ ಅದು ಇಲ್ಲ, ನೀವು ದಾಸವಾಳದ ಗಿಡದಲ್ಲಿ ನೋಡುವುದು ಸೂರಕ್ಕಿ. ಮೂರು ನಾಲ್ಕು ಗ್ರಾಂ ಹಕ್ಕಿಗೆ ಮಾಸ್ಕ್ ಕಟ್ಟಿದರೆ ಅದು ಹಾರೀತಾ? ಸಕ್ಕರೆ ನೀರಿನ ಬಾಟಲಿಯ ಬಾಯಿಗೇ ಮಾಸ್ಕ್ ಇಟ್ಟರು. ಹಕ್ಕಿ ತಾನಾಗಿ ಬಂದು ತಲೆ ತೂರಿಸಿ ಕುಡಿಯುತ್ತದೆ. ಕುಡಿಯುವಷ್ಟು ಹೊತ್ತು ಅದರ ಉಸಿರಿನ ಗಾಳಿಯನ್ನು ಪಂಪ್ ಎಳೆದುಕೊಂಡು ಅಳೆಯುತ್ತದೆ. ಹೊಟ್ಟೆ ತುಂಬಿದ ಮೇಲೆ ಹಕ್ಕಿ ಹೋಗುತ್ತದೆ.

ಅಂಟಾರ್ಕ್ಟಿಕಾದ ವೆಡೆಲ್ ಸೀಲ್‌ಗೆ ಮಾಡಿದ್ದು ಇದಕ್ಕಿಂತ ಸೊಗಸು. ಸಮುದ್ರದ ಮೇಲೆ ಎರಡು ಮೀಟರ್ ದಪ್ಪದ ಮಂಜಿನ ಹಾಸು. ಸೀಲ್ ಉಸಿರಾಡಲು ಅಲ್ಲಲ್ಲಿ ತೂತುಗಳಿಗೆ ಬರುತ್ತದೆ. ಜೆರಾಲ್ಡ್ ಕೂಯ್‌ಮನ್ ಮತ್ತು ಜೊತೆಯವರು, ಹತ್ತಿರ ಬೇರೆ ಯಾವ ತೂತೂ ಇಲ್ಲದ ಜಾಗದಲ್ಲಿ ತಾವೇ ಒಂದು ತೂತು ಕೊರೆದು ಸೀಲನ್ನು ಅಲ್ಲಿ ಇಳಿಸಿದರು. ಅದು ಎಲ್ಲಿಗೆ ಬೇಕಾದರೂ ಹೋಗಲಿ, ಎಷ್ಟು ಆಳಕ್ಕೆ ಬೇಕಾದರೂ ಮುಳುಗಲಿ. ಉಸಿರಿಗೆ ಮಾತ್ರ ಇಲ್ಲಿಗೇ ಬರಬೇಕು. ತೂತಿನ ಮೇಲೆ ಒಂದು ಗುಮ್ಮಟ ಮುಚ್ಚಿದರೆ ಉಸಿರು ಪೂರ್ತಿ ಲೆಕ್ಕಕ್ಕೆ ಸಿಗುತ್ತದೆ. ಉದ್ದದ ಮುಳುಗು ಹಾಕಿದಾಗ ಸೀಲ್ ಖರ್ಚು ಮಾಡಿದ್ದು ಸುಮ್ನೆ ಮಲಗಿದ್ದಾಗಿನಷ್ಟೇ, ಕೆಲವು ಸಲ ಅದಕ್ಕಿಂತ ಕಡಿಮೆ. ಮೀನು ಬೇಟೆಯಾಡುತ್ತಾ ವಿಶ್ರಾಂತಿಗಿಂತ ಕಡಿಮೆ ಖರ್ಚು ಮಾಡುವ ಪ್ರಾಣಿ! ಪೆಟ್ಟಿಗೆಯಲ್ಲಿ ಕೂಡಿ ಹಾಕಿದ್ದರೆ ಇದು ಗೊತ್ತಾಗುತ್ತಿತ್ತಾ?

ಆದರೆ ಎಲ್ಲ ಪ್ರಾಣಿಯೂ ಒಂದೇ ತೂತಿಗೆ ವಾಪಸ್ ಬರುವುದಿಲ್ಲ. ಹಗ್ಗವನ್ನು ಪೂರ್ತಿ ಬಿಚ್ಚಿದ ಉಪಾಯ ಬಂದದ್ದು ಅಮೆರಿಕದ ಮಿನೆಸೋಟಾದಿಂದ. ನೇಥನ್ ಲಿಫ್ಸನ್ ಮತ್ತು ಜೊತೆಯವರು 1949ರಲ್ಲಿ ಒಂದು ವಿಷಯ ಕಂಡುಕೊಂಡರು: ನಾವು ಉಸಿರಿನಲ್ಲಿ ಬಿಡುವ ಇಂಗಾಲದ ಡೈ ಆಕ್ಸೈಡ್‌ನಲ್ಲಿರುವ ಆಮ್ಲಜನಕ ಮೈಯೊಳಗಿನ ನೀರಿನ ಜೊತೆ ಅದಲುಬದಲಾಗುತ್ತಲೇ ಇರುತ್ತದೆ. ಕೇಳಲು ಒಣ ವಿಷಯ. ಆದರೆ ಇದರಿಂದ ಏನು ಬಂತು ನೋಡಿ.

ಒಂದು ಮದುವೆ ಛತ್ರ ಅಂದುಕೊಳ್ಳಿ. ಒಳಗೆ ಹೆಣ್ಣಿನ ಕಡೆಯವರು 200, ಗಂಡಿನ ಕಡೆಯವರು 200. ಛತ್ರಕ್ಕೆ ಎರಡು ಬಾಗಿಲು. ಹೆಣ್ಣಿನ ಕಡೆಯವರು ಮುಂಬಾಗಿಲಿನಿಂದ ಮಾತ್ರ ಹೋಗಬೇಕು. ಗಂಡಿನ ಕಡೆಯವರು ಮುಂಬಾಗಿಲು, ಹಿಂಬಾಗಿಲು ಎರಡರಲ್ಲೂ ಹೋಗಬಹುದು. ನೀವು ಬಾಗಿಲಲ್ಲಿ ನಿಂತು ಎಣಿಸುವ ಹಾಗಿಲ್ಲ. ಸಂಜೆ ಒಳಗೆ ಬಂದು ನೋಡುತ್ತೀರಿ: ಹೆಣ್ಣಿನ ಕಡೆ 150 ಉಳಿದಿದ್ದಾರೆ, ಗಂಡಿನ ಕಡೆ 120. ಹಿಂಬಾಗಿಲಿನಿಂದ ಎಷ್ಟು ಜನ ಹೋದರು? ಹೆಚ್ಚುಕಡಿಮೆ 30.

ಪ್ರಾಣಿಗೆ ಕೊಡುವುದು ಗುರುತು ಹಾಕಿದ ನೀರು. ಅದರಲ್ಲಿ ಭಾರದ ಹೈಡ್ರೋಜನ್ ಇದೆ, ಅದು ಹೆಣ್ಣಿನ ಕಡೆ. ಭಾರದ ಆಮ್ಲಜನಕ ಇದೆ, ಅದು ಗಂಡಿನ ಕಡೆ. ಹೈಡ್ರೋಜನ್ ಮೈಯಿಂದ ಹೋಗುವುದು ನೀರಾಗಿ ಮಾತ್ರ: ಮೂತ್ರ, ಬೆವರು, ಉಸಿರಿನ ಆವಿ. ಆಮ್ಲಜನಕ ನೀರಾಗಿಯೂ ಹೋಗುತ್ತದೆ, ಇಂಗಾಲದ ಡೈ ಆಕ್ಸೈಡ್ ಆಗಿಯೂ ಹೋಗುತ್ತದೆ. ಅದೇ ಹಿಂಬಾಗಿಲು. ಮೊದಲ ದಿನ ಒಂದು ತೊಟ್ಟು ರಕ್ತ, ಕೆಲವು ದಿನ ಬಿಟ್ಟು ಇನ್ನೊಂದು ತೊಟ್ಟು. ಎರಡರ ನಡುವೆ ಪ್ರಾಣಿ ಎಲ್ಲಿ ಹೋಯಿತು, ಏನು ಮಾಡಿತು, ಯಾರೂ ನೋಡಬೇಕಾಗಿಲ್ಲ. ಅಪಾಯ ಇಲ್ವಾ ಅಂತ ಎಲ್ಲ ಕಡೆ ಕೇಳುತ್ತಾರೆ. ಇಲ್ಲ, ಇವು ವಿಕಿರಣ ಸೂಸುವ ಜಾತಿಯವಲ್ಲ. ಸ್ವಲ್ಪ ಸ್ವಲ್ಪ ನಾವು ಕುಡಿಯುವ ನೀರಿನಲ್ಲೂ ಇವೆ.

1955ರಲ್ಲಿ ಇಲಿಗಳ ಮೇಲೆ ಇದು ಸರಿ ಅಂತ ತೋರಿಸಿದರು. ಮನುಷ್ಯರ ತನಕ ಬರಲು 1982 ಆಯಿತು. ಭಾರದ ಆಮ್ಲಜನಕ ಅಷ್ಟು ದುಬಾರಿ. ಇಲಿಗೆ ಹನಿ ಸಾಕು, ಮನುಷ್ಯನಿಗೆ ಲೋಟ ಬೇಕಿತ್ತು. ಅತಿ ಕಡಿಮೆ ಗುರುತನ್ನೂ ಹಿಡಿಯುವ ಯಂತ್ರ ಬಂದ ಮೇಲೆ ಕೈಗೆಟುಕಿತು.

ಬಿಚ್ಚಿಬಿಟ್ಟ ಪ್ರಾಣಿಗಳು ನಮ್ಮ ಅಂದಾಜುಗಳನ್ನು ಚೆನ್ನಾಗಿ ಕೆಡಿಸಿವೆ. ಚೀತಾ ಅಂದರೆ ಓಟ, ಅದರ ಶಕ್ತಿಯೆಲ್ಲ ಓಟಕ್ಕೇ ಹೋಗುತ್ತದೆ, ಸಿಂಹ ಬಂದು ಬೇಟೆ ಕಿತ್ತುಕೊಂಡರೆ ಅದರ ಗತಿ ಮುಗಿಯಿತು ಅಂತ ಅಂದುಕೊಂಡಿದ್ದರು. ದಕ್ಷಿಣ ಆಫ್ರಿಕಾದ ಕಡೆ 19 ಚೀತಾಗಳಿಗೆ ಈ ನೀರು ಕೊಟ್ಟು ಬಿಟ್ಟರು. ಮತ್ತೆ ಹಿಡಿಯುವ ಗೋಜಿಗೆ ಹೋಗದೆ ಎರಡು ವಾರ ಹಿಂದೆ ಹಿಂದೆ ಅಲೆದು ಅವುಗಳ ಲದ್ದಿ ಆರಿಸಿಕೊಂಡು ಬಂದರು. ವಿಜ್ಞಾನ ಅಂದರೆ ಬಹಳ ಸಲ ಇಷ್ಟೇ. 2014ರಲ್ಲಿ ಬಂದ ಉತ್ತರ: ಚೀತಾಗೆ ಖರ್ಚು ಓಟದಲ್ಲಿ ಅಲ್ಲ, ಓಟ ಎಷ್ಟು ಹೊತ್ತು? ಬೇಟೆ ಹುಡುಕುತ್ತಾ ಬಿಸಿಲಲ್ಲಿ, ಮರಳಲ್ಲಿ ಅಲೆಯುವುದರಲ್ಲಿ. ನಾವು ಬೇಲಿ ಹಾಕಿದರೆ, ಜಿಂಕೆ ಕಡಿಮೆ ಮಾಡಿದರೆ ಅದರ ಅಲೆದಾಟ ಜಾಸ್ತಿಯಾಗುತ್ತದೆ. ಸಿಂಹಕ್ಕಿಂತ ನಾವೇ ಅದಕ್ಕೆ ದೊಡ್ಡ ಕಳ್ಳರು.

ಚೀನಾದ ಪಾಂಡಾ ಇನ್ನೊಂದು ತುದಿ. ಅದರ ತೂಕಕ್ಕೆ ಎಷ್ಟು ಖರ್ಚಾಗಬೇಕಿತ್ತೋ ಅದರಲ್ಲಿ ನೂರಕ್ಕೆ 38 ಪಾಲು ಮಾತ್ರ. ಬರೀ ಬಿದಿರು ತಿಂದು ಬದುಕುವವರು ಹಾಗೇ ಇರಬೇಕು. ಮನುಷ್ಯನ ಕಥೆ ಎಲ್ಲಕ್ಕಿಂತ ತಲೆ ಕೆಡಿಸುವಂಥದ್ದು. ತಾಂಜಾನಿಯಾದಲ್ಲಿ ಹಾಡ್ಜಾ ಅನ್ನುವ ಜನ ಇದ್ದಾರೆ. ಇವತ್ತಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ಗಂಡಸರು ದಿನಕ್ಕೆ 11 ಕಿಲೋಮೀಟರ್ ನಡೆಯುತ್ತಾರೆ. ಹರ್ಮನ್ ಪಾಂಟ್ಸರ್ ಮತ್ತು ಜೊತೆಯವರು 2012ರಲ್ಲಿ ಅವರ ಖರ್ಚನ್ನು ಪ್ರಕಟಿಸಿದರು. ಮೈತೂಕದ ಹೆಚ್ಚುಕಡಿಮೆಯನ್ನು ಲೆಕ್ಕಕ್ಕೆ ಹಿಡಿದರೆ, ಅಮೆರಿಕದಲ್ಲಿ ಕಾರಲ್ಲಿ ಓಡಾಡಿ ಕುರ್ಚಿಯಲ್ಲಿ ಕೂರುವವರ ಖರ್ಚು ಎಷ್ಟೋ ಹಾಡ್ಜಾಗಳದ್ದೂ ಅಷ್ಟೇ. ಅಂದರೆ ಮೈ ಒಂದು ಕಡೆ ಜಾಸ್ತಿ ಖರ್ಚಾದರೆ ಇನ್ನೊಂದು ಕಡೆ ಬಿಗಿ ಹಿಡಿಯುತ್ತದೆ, ತಿಂಗಳ ಸಂಬಳದಲ್ಲಿ ಮನೆ ನಡೆಸುವವರ ಹಾಗೆ. ಇದನ್ನು ಎಲ್ಲರೂ ಒಪ್ಪಿಲ್ಲ. ವಾಕಿಂಗ್ ಬಿಡಲು ನೆಪ ಅಂತ ದಯವಿಟ್ಟು ತಗೊಳ್ಳಬೇಡಿ. ವಾಕಿಂಗ್‌ನಿಂದ ಹೃದಯಕ್ಕೆ ಒಳ್ಳೆಯದು, ಹೊಟ್ಟೆ ಕರಗುತ್ತದಾ ಅನ್ನುವುದಷ್ಟೇ ಪ್ರಶ್ನೆ.

ಈ ನೀರಿನ ಉಪಾಯಕ್ಕೂ ಒಂದು ಕೊರತೆ ಇದೆ. ಇದು ತಿಂಗಳ ಕೊನೆಯ ಕರೆಂಟ್ ಬಿಲ್ ಇದ್ದ ಹಾಗೆ. ಒಟ್ಟು ಎಷ್ಟು ಅಂತ ಹೇಳುತ್ತದೆ, ಫ್ಯಾನಿಗೆ ಎಷ್ಟು, ಗ್ರೈಂಡರಿಗೆ ಎಷ್ಟು ಅಂತ ಹೇಳುವುದಿಲ್ಲ. ನಿಮಿಷ ನಿಮಿಷದ ಲೆಕ್ಕ ಬೇಕಾದರೆ ಎದೆಬಡಿತ ಬರೆದುಕೊಳ್ಳುವ ಪುಟ್ಟ ಯಂತ್ರವನ್ನು ಪ್ರಾಣಿಯ ಮೈಯಲ್ಲೇ ಇಡಬೇಕು. ಇಲ್ಲಿ ನಮ್ಮ ನಾಡಿಗೆ ಬರುವ ಒಂದು ಅತಿಥಿಯ ಕಥೆ ಇದೆ.

ಪಟ್ಟೆತಲೆ ಹೆಬ್ಬಾತು. ಗದಗ ಜಿಲ್ಲೆ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಸಾವಿರಗಟ್ಟಲೆ ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಕೆರೆ ಜೌಗುಗಳ ಪಟ್ಟಿಗೂ ಸೇರಿತು. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿದ ಬಾತುಗಳು ಮೈಸೂರು ಕಡೆಯ ಹದಿನಾರು ಅನ್ನುವ ಊರಿನ ಕೆರೆಯಲ್ಲೂ ಕಂಡಿವೆ. ಅಂದರೆ ಹಿಮಾಲಯ ದಾಟಿ ಬಂದವು. ಆ ಎತ್ತರದಲ್ಲಿ ಗಾಳಿ ತೆಳು, ರೆಕ್ಕೆಗೂ ಆಸರೆ ಕಡಿಮೆ, ಉಸಿರಿಗೂ ಕಡಿಮೆ. ಹೇಗೆ ದಾಟುತ್ತವೆ?

ಮಂಗೋಲಿಯಾದ ಒಂದು ಕೆರೆಯಲ್ಲಿ, ಗರಿ ಉದುರಿ ಹಾರಲಾಗದ ಕಾಲದಲ್ಲಿ ಅವುಗಳನ್ನು ಹಿಡಿದು, ಎದೆಬಡಿತ, ರೆಕ್ಕೆಬಡಿತ, ಎತ್ತರ ಮೂರನ್ನೂ ದಾಖಲಿಸುವ ಯಂತ್ರ ಇಟ್ಟು ಬಿಟ್ಟರು. ಮುಂದಿನ ವರ್ಷ ಮತ್ತೆ ಹಿಡಿದರೆ ಮಾತ್ರ ಲೆಕ್ಕ ಸಿಗುತ್ತದೆ. ಸಿಕ್ಕಿದ್ದು ಕೆಲವೇ. 2015ರಲ್ಲಿ ಪ್ರಕಟವಾದ ಫಲಿತಾಂಶ ಯಾರೂ ನಿರೀಕ್ಷಿಸದ್ದು. ಒಂದೇ ಸಲ ಮೇಲೇರಿ ನೇರ ಹೋಗುತ್ತವೆ ಅಂದುಕೊಂಡಿದ್ದರು. ಅವು ಬೆಟ್ಟದ ಇಳಿಜಾರಿಗೆ ಅಂಟಿಕೊಂಡ ಹಾಗೆ ಏರುತ್ತವೆ, ಕಣಿವೆ ಬಂದರೆ ಇಳಿಯುತ್ತವೆ, ಮತ್ತೆ ಏರುತ್ತವೆ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಸುಮ್ನೆ ಬಿಟ್ಟುಕೊಡುವುದು ದಡ್ಡತನ ಅನಿಸುತ್ತದೆ. ಆದರೆ ಲೆಕ್ಕ ನೋಡಿ: ತೆಳು ಗಾಳಿಯಲ್ಲಿ ರೆಕ್ಕೆಬಡಿತ ನೂರಕ್ಕೆ 5ರಷ್ಟು ಜಾಸ್ತಿಯಾದರೆ ಎದೆಬಡಿತ 19ರಷ್ಟು ಏರುತ್ತದೆ, ಖರ್ಚು ಅಂದಾಜು 41ರಷ್ಟು. ದಪ್ಪ ಗಾಳಿಗೆ ಇಳಿದು ಹಾರುವುದೇ ಅಗ್ಗ.

ಈ ಬಾತಿಗೂ ಮಾಸ್ಕ್ ಹಾಕಿ ನೋಡಿದವರಿದ್ದಾರೆ. ಜೆಸಿಕಾ ಮೀರ್ ಮತ್ತು ಜೊತೆಗಾರ್ತಿ ಮೊಟ್ಟೆಯಿಂದಲೇ ಮರಿಗಳನ್ನು ಸಾಕಿದರು. ಮರಿಗಳು ಇವರನ್ನೇ ತಾಯಿ ಅಂದುಕೊಂಡು ಹಿಂದೆ ಹಿಂದೆ ಓಡಾಡುತ್ತಿದ್ದವು. ಸೈಕಲ್ ತುಳಿದರೆ ಪಕ್ಕದಲ್ಲೇ ಹಾರಿ ಬರುತ್ತಿದ್ದವು. ನಮ್ಮ ಅಜ್ಜ ಗೌರಿಯ ಗಂಗೆದೊಗಲು ತುರಿಸಿದ್ದೂ ಇದೇ ಶಾಸ್ತ್ರ. ಹಾಗೆ ಬೆಳೆದ ಬಾತು ಮಾತ್ರ ಮಾಸ್ಕ್ ಹಾಕಿಕೊಂಡು ಗಾಳಿ ಸುರಂಗದಲ್ಲಿ ಹೆದರದೆ ಹಾರೀತು. ಎವರೆಸ್ಟ್ ತುದಿಯಷ್ಟು ತೆಳು ಗಾಳಿ ಕೊಟ್ಟರೂ ಕೆಲವು ಹಾರಿದವು, ಖರ್ಚು ಇಳಿಸಿಕೊಂಡು, ರಕ್ತ ತಂಪು ಮಾಡಿಕೊಂಡು. 2019ರ ಸೆಪ್ಟೆಂಬರ್‌ನಲ್ಲಿ ಆ ಬರಹ ಪ್ರಕಟವಾಯಿತು. ಅದೇ ತಿಂಗಳು ಮೀರ್ ಗಗನಯಾತ್ರಿಯಾಗಿ ಬಾಹ್ಯಾಕಾಶಕ್ಕೆ ಹೋದರು.

ಈ ಬಾತುಗಳ ಬಗ್ಗೆ ಒಮ್ಮೆ ಮಾಗಡಿ ಕಡೆ ಮಾತಾಡಿದ್ದೆ. ಹಗಲು ಕೆರೆಯಲ್ಲಿ ತಲೆ ಹುದುಗಿಸಿ ಕೂರುವ ಬಾತುಗಳು ಕತ್ತಲಾದ ಮೇಲೆ ಸುತ್ತಲ ಹೊಲಗಳಿಗೆ ಇಳಿಯುತ್ತವೆ. ಮಾತು ಮುಗಿದ ಮೇಲೆ ಒಬ್ಬ ರೈತ ಎದ್ದು ನಿಂತರು. "ಎಲ್ಲಾ ಛಲೋ ಆತ್ರಿ. ಒಂದು ಬಾತು ದಿನಕ್ಕ ಎಷ್ಟು ಶೇಂಗಾ ತಿಂತೈತಿ, ಅಷ್ಟ ಹೇಳ್ರಿ."

ಹಲಗೆಯ ಮೇಲೆ ಲೆಕ್ಕ ಹಾಕಿದೆ. ಎರಡೂವರೆ ಕಿಲೋ ಹಕ್ಕಿ. ಬಯಲಲ್ಲಿ ಓಡಾಡಿಕೊಂಡಿದ್ದರೆ ದಿನಕ್ಕೆ 400ರಿಂದ 500 ಕಿಲೋಕ್ಯಾಲರಿ. ಬರೀ ಶೇಂಗಾ ಬೀಜವನ್ನೇ ತಿಂದರೆ, ಜೀರ್ಣವಾಗದೆ ಹೋಗುವುದನ್ನೂ ಸೇರಿಸಿ, 100 ಗ್ರಾಂ ಹತ್ತಿರ. ಹುಲ್ಲು, ಕಡಲೆಯ ಚಿಗುರು ಎಲ್ಲ ತಿನ್ನುತ್ತವೆ, ಹಾಗಾಗಿ ಅಷ್ಟೂ ಶೇಂಗಾ ಅಲ್ಲ ಅಂದೆ.

ಅವರು ಬೆರಳು ಮಡಿಸಿದರು. "ಐದು ಸಾವಿರ ಬಾತು ಅಂದ್ರ ದಿನಕ್ಕ ಐದು ಕ್ವಿಂಟಲ್." ನನಗಿಂತ ಬೇಗ ಗುಣಿಸಿದ್ದರು. ಆಮೇಲೆ ಸ್ವಲ್ಪ ಹೊತ್ತು ಹಲಗೆಯನ್ನೇ ನೋಡುತ್ತಾ ನಿಂತು ಕೇಳಿದರು: "ರಾತ್ರಿ ನಾವು ಬ್ಯಾಟರಿ ಹಿಡಕೊಂಡು, ಡಬ್ಬಿ ಬಡಿದು ಎಬ್ಬಸ್ತೀವಲ್ರಿ. ಮತ್ತ ಮತ್ತ ಎದ್ದು ಹಾರತಾವು. ಆ ಹಾರಿದ್ದರ ಖರ್ಚು ಇದರಾಗ ಹಿಡಿದೀರೇನು?"

ಹಿಡಿದಿರಲಿಲ್ಲ.

"ಹಂಗಾದ್ರ ಅದನ್ನೂ ನಮ್ಮ ಹೊಲದಾಗ ತಿಂತಾವ ಅಲ್ಲೇನ್ರಿ?" ಅಂದು ಕೂತರು.